ಅಡಿಕೆ ತೋಟದ 19:19:19 ಮೀನಿನ ತೊಟ್ಟಿಗೆ ಹಾಕಬಹುದೇ?

ಪ್ರಶ್ನೆ: ನಮ್ಮದು ತುಮಕೂರು. ಎರಡು ಅಡಿ ಉದ್ದದ ಗಾಜಿನ ತೊಟ್ಟಿ (60×30×36 ಸೆಂ.ಮೀ.) ಇಟ್ಟು ಒಂದು ವರ್ಷವಾಯಿತು. ತುಂಬುವುದು ಬೋರ್‌ವೆಲ್ ನೀರು. ಹದಿನಾಲ್ಕು ಗಪ್ಪಿ, ನಾಲ್ಕು ಕೋರಿಡೋರಾಸ್, ಒಂದಷ್ಟು ಕೆಂಪು ಚೆರ್ರಿ ಸೀಗಡಿ ಇದ್ದವು. ಗಿಡಗಳು ಅಮೆಜಾನ್ ಸ್ವೋರ್ಡ್, ವ್ಯಾಲಿಸ್ನೇರಿಯಾ, ರೊಟಾಲಾ. ವ್ಯಾಲಿಸ್ನೇರಿಯಾ ಚೆನ್ನಾಗಿ ಹಬ್ಬುತ್ತಿದೆ. ಆದರೆ ಸ್ವೋರ್ಡ್ ಗಿಡದ ಹೊಸ ಎಲೆಗಳು ಬಿಳಚಿಕೊಂಡು, ನರ ಮಾತ್ರ ಹಸಿರಾಗಿ ಬರತೊಡಗಿದವು. ಅಕ್ವೇರಿಯಂ ಅಂಗಡಿಯ ಗೊಬ್ಬರ ದುಬಾರಿ ಎನಿಸಿ, ಅಣ್ಣ ಅಡಿಕೆ ತೋಟದ ಡ್ರಿಪ್‌ಗೆ ಬಿಡುವ 19:19:19 ಪುಡಿಯನ್ನು ಒಂದು ಟೀ ಚಮಚ ಕರಗಿಸಿ ಹಾಕಿದೆ. ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ಸೀಗಡಿಗಳು ಸತ್ತವು. ಮೂರನೇ ದಿನ ಸಂಜೆ ಗಪ್ಪಿಗಳು ಮೇಲೆ ಬಂದು ಬಾಯಿ ಬಿಡತೊಡಗಿದವು, ಬೆಳಗಾಗುವಷ್ಟರಲ್ಲಿ ಐದು ಸತ್ತಿದ್ದವು. ಅರ್ಧ ನೀರು ಬದಲಿಸಿದ್ದೇನೆ. ಈಗ ನೀರು ಹಸಿರಾಗುತ್ತಿದೆ. ಡಿಎಪಿ ಕಾಳನ್ನು ಜೇಡಿಮಣ್ಣಿನ ಉಂಡೆಯೊಳಗೆ ಇಟ್ಟು ಬೇರಿಗೆ ಕೊಡು ಎನ್ನುತ್ತಾನೆ ಸ್ನೇಹಿತ. ಎರೆಗೊಬ್ಬರ ಹಾಕಿ ಎನ್ನುತ್ತಾರೆ ಪಕ್ಕದ ಮನೆಯವರು. ತೋಟದ ಗೊಬ್ಬರ ತೊಟ್ಟಿಗೆ ಆಗುವುದೇ ಇಲ್ಲವೇ? ಈಗ ಏನು ಮಾಡಲಿ?

ಉತ್ತರ: ಮೊದಲು ಬದುಕಿರುವ ಮೀನುಗಳ ವಿಚಾರ. ಅರ್ಧ ನೀರು ತೆಗೆದದ್ದು ಸರಿ, ಆದರೆ ಅಷ್ಟಕ್ಕೆ ನಿಲ್ಲಿಸಬೇಡಿ. ನಿಮ್ಮ ತೊಟ್ಟಿಯ ಅಳತೆಗೆ ಲೆಕ್ಕದಲ್ಲಿ 65 ಲೀಟರ್ ಬರುತ್ತದೆ. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾಗಿ ಇರುವ ನೀರು ಸುಮಾರು 50 ಲೀಟರ್. ಮುಂದೆ ಹೇಳುವ ಎಲ್ಲ ಅಳತೆಯೂ ಈ 50 ಲೀಟರಿಗೆ.

ಇನ್ನು ಮೂರು ದಿನ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, 15 ಲೀಟರ್ ತೆಗೆದು 15 ಲೀಟರ್ ತುಂಬಿ. ಆರು ಸಲ ಹೀಗೆ ಮಾಡಿದರೆ ಈಗ ನೀರಿನಲ್ಲಿ ಉಳಿದಿರುವುದರ ಎಂಟನೇ ಒಂದು ಭಾಗದಷ್ಟೇ ಉಳಿಯುತ್ತದೆ. ಒಂದೇ ಏಟಿಗೆ ಮುಕ್ಕಾಲು ನೀರು ಬದಲಿಸಲು ಹೋಗಬೇಡಿ. ಹೊಸ ನೀರಿನ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ತೊಟ್ಟಿಯ ನೀರಿಗಿಂತ ಹೆಚ್ಚಿದ್ದರೆ, ಉಳಿದಿರುವ ಅಮೋನಿಯಾ ಆ ಕ್ಷಣದಲ್ಲೇ ಇನ್ನಷ್ಟು ವಿಷವಾಗುತ್ತದೆ. ಕಾರಣ ಮುಂದೆ ಬರುತ್ತದೆ. ಬೋರ್‌ವೆಲ್ ನೀರನ್ನು ಹಿಂದಿನ ರಾತ್ರಿಯೇ ಡ್ರಮ್ಮಿನಲ್ಲಿ ಹಿಡಿದು ಗಾಳಿಕಲ್ಲು ಬಿಟ್ಟಿಡಿ. ಭೂಮಿಯೊಳಗಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ರಾತ್ರಿಯಿಡೀ ಗುಳ್ಳೆ ಬಿಟ್ಟರೆ ಎರಡೂ ಸರಿಹೋಗುತ್ತವೆ, ಅದರ ನಿಜವಾದ ಪಿಎಚ್ ಎಷ್ಟು ಎಂಬುದೂ ಆಗ ಗೊತ್ತಾಗುತ್ತದೆ. ನಲ್ಲಿ ನೀರು ಬಳಸುವುದಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕದೆ ಸುರಿಯಬೇಡಿ.

ಊಟ ಮೂರು ದಿನ ಪೂರ್ತಿ ನಿಲ್ಲಿಸಿ. ಗಪ್ಪಿಗೆ ಅದರಿಂದ ಏನೂ ಆಗುವುದಿಲ್ಲ. ಗಾಳಿಕಲ್ಲು ಹಗಲೂ ರಾತ್ರಿ ಓಡಲಿ. ಫಿಲ್ಟರ್ ಮಾತ್ರ ತೊಳೆಯಬೇಡಿ. ತೊಟ್ಟಿ ಕೆಟ್ಟಿತು ಎಂದಾಗ ಎಲ್ಲರ ಕೈಯೂ ಮೊದಲು ಹೋಗುವುದು ಫಿಲ್ಟರಿನ ಸ್ಪಂಜಿಗೆ. ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಇರುವುದು ಅಲ್ಲೇ. ಈಗ ಅದನ್ನು ನಲ್ಲಿಯ ಕೆಳಗೆ ಹಿಂಡಿದರೆ ಇರುವ ಒಬ್ಬ ಕೆಲಸದವನನ್ನೂ ಓಡಿಸಿದಂತೆ.

ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮೂರನ್ನೂ ತೋರಿಸುವ ಹನಿ ಹಾಕುವ ಟೆಸ್ಟ್ ಕಿಟ್ ಒಂದನ್ನು ಕೊಳ್ಳಿ. ಅದ್ದಿ ನೋಡುವ ಪಟ್ಟಿಗಳಲ್ಲಿ ಅನೇಕವು ಅಮೋನಿಯಾ ತೋರಿಸುವುದೇ ಇಲ್ಲ. ಅಮೋನಿಯಾ ಇಳಿದ ಮೇಲೆ ಕೆಲವು ದಿನ ನೈಟ್ರೈಟ್ ಏರುವ ಸಾಧ್ಯತೆ ಇದೆ. ಅದು ಕಿವಿರಿನ ಮೂಲಕ ರಕ್ತಕ್ಕೆ ಸೇರಿ, ರಕ್ತವು ಆಮ್ಲಜನಕ ಹೊರದಂತೆ ಮಾಡುತ್ತದೆ. ನೈಟ್ರೈಟ್ ಕಾಣಿಸಿಕೊಂಡರೆ 5 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ. ಇಷ್ಟು ಕಡಿಮೆ ಉಪ್ಪಿನಿಂದ ಕೋರಿಡೋರಾಸ್‌ಗಾಗಲಿ ಗಿಡಕ್ಕಾಗಲಿ ತೊಂದರೆಯಿಲ್ಲ. ಅಮೋನಿಯಾ ಹೀರಲು ಜಿಯೋಲೈಟ್ ಕಲ್ಲು ಹಾಕಿದ್ದರೆ, ಉಪ್ಪು ಹಾಕುವ ಮುನ್ನ ಅದನ್ನು ತೆಗೆಯಿರಿ. ಉಪ್ಪು ಸೇರಿದರೆ ಹೀರಿಕೊಂಡ ಅಮೋನಿಯಾವನ್ನು ಅದು ವಾಪಸ್ ಬಿಡುತ್ತದೆ. ಇದ್ದಿಲಿನ ಫಿಲ್ಟರ್ ಈ ವಿಷಕ್ಕೆ ಕೆಲಸಕ್ಕೆ ಬಾರದು.

ಇನ್ನು, ಕೊಂದದ್ದು ಯಾವುದು?

19:19:19 ಎಂಬ ಮೂರು ಅಂಕಿ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟಿದೆ ಎಂದು ಹೇಳುತ್ತವೆ. ಆ ಸಾರಜನಕ ಯಾವ ರೂಪದಲ್ಲಿದೆ ಎಂದು ಹೇಳುವುದಿಲ್ಲ. ಅದು ಪ್ಯಾಕೆಟ್ಟಿನ ಹಿಂಬದಿ ಸಣ್ಣಕ್ಷರದಲ್ಲಿರುತ್ತದೆ, ತಿರುಗಿಸಿ ಓದಿ. ಸಾಮಾನ್ಯವಾಗಿ 19ರಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ, ಉಳಿದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಅಮೋನಿಯಾ ರೂಪ, ಅರ್ಧ ನೈಟ್ರೇಟ್. ಅಂದರೆ ಮುಕ್ಕಾಲು ಪಾಲು ಸಾರಜನಕ ಒಂದೋ ಈಗಲೇ ಅಮೋನಿಯಾ, ಇಲ್ಲವೇ ನಾಳೆ ನಾಡಿದ್ದರಲ್ಲಿ ಅಮೋನಿಯಾ ಆಗುವಂಥದ್ದು.

ತೋಟದಲ್ಲಿ ಇದರಿಂದ ತೊಂದರೆಯಿಲ್ಲ. ಅಮೋನಿಯಾವನ್ನು ಮಣ್ಣಿನ ಕಣ ಹಿಡಿದುಕೊಳ್ಳುತ್ತದೆ, ಸೂಕ್ಷ್ಮಜೀವಿಗಳು ನೈಟ್ರೇಟ್ ಮಾಡುತ್ತವೆ, ಬೇರು ಹೀರುತ್ತದೆ. ಅಡಿಕೆ ಮರಕ್ಕೆ ಕಿವಿರಿಲ್ಲ.

ನಿಮ್ಮ ಚಮಚದ ಲೆಕ್ಕ ನೋಡೋಣ. ಸಪಾಟಾದ ಒಂದು ಟೀ ಚಮಚ ಎಂದರೆ ಸುಮಾರು 5 ಗ್ರಾಂ. ಅದರಲ್ಲಿ ಸಾರಜನಕ 950 ಮಿಲಿಗ್ರಾಂ. 50 ಲೀಟರಿಗೆ ಹಂಚಿದರೆ ಲೀಟರಿಗೆ 19 ಮಿಲಿಗ್ರಾಂ. ಇದು ಎಷ್ಟು ದೊಡ್ಡದು ಎಂದು ಹೀಗೆ ಅಂದಾಜು ಮಾಡಿ: ನಿಮ್ಮ ಮೀನುಗಳಿಗೆ ದಿನಕ್ಕೆ 0.3 ಗ್ರಾಂ ಆಹಾರ ಹಾಕುತ್ತೀರಿ, ಅದರಲ್ಲಿ 40% ಪ್ರೋಟೀನ್ ಎಂದುಕೊಂಡರೆ, ಆ ಊಟದಲ್ಲಿರುವ ಒಟ್ಟು ಸಾರಜನಕ ಸುಮಾರು 19 ಮಿಲಿಗ್ರಾಂ. ಹಾಗಾದರೆ ಆ ಒಂದು ಚಮಚದಲ್ಲಿ ಐವತ್ತು ದಿನದ ಊಟದ ಸಾರಜನಕ ಒಟ್ಟಿಗೆ ಬಿತ್ತು. ದಿನಕ್ಕೆ ಒಂದು ದಿನದ ಕಸ ಎತ್ತಿ ಅಭ್ಯಾಸವಾದ ಫಿಲ್ಟರ್ ಒಂದೂವರೆ ತಿಂಗಳ ಕಸವನ್ನು ಹೇಗೆ ಎತ್ತೀತು?

ಮೊದಲ ದಿನ ಏನೂ ಆಗಲಿಲ್ಲವಲ್ಲ ಎಂಬುದು ನಿಮ್ಮನ್ನು ಗೊಂದಲಗೊಳಿಸಿರಬಹುದು. ಅದು ಯೂರಿಯಾದ ಗುಣ. ದನದ ಗಂಜಲ ಆಗಷ್ಟೇ ಬಿದ್ದಾಗ ಮೂಗಿಗೆ ಅಷ್ಟು ಹೊಡೆಯುವುದಿಲ್ಲ. ಕೊಟ್ಟಿಗೆಯಲ್ಲಿ ಒಂದೆರಡು ದಿನ ನಿಂತ ಮೇಲೆ ಕಣ್ಣಲ್ಲಿ ನೀರು ಬರಿಸುವ ಘಾಟು. ಗಂಜಲದಲ್ಲಿರುವುದೂ ಯೂರಿಯಾವೇ. ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಹೊರಬರುವುದು ಅಮೋನಿಯಾ. ನಿಮ್ಮ ತೊಟ್ಟಿಯ ಮರಳಿನಲ್ಲಿ, ಫಿಲ್ಟರಿನಲ್ಲಿ ಅದೇ ಕೆಲಸ ನಡೆಯಿತು, ಎರಡು ಮೂರು ದಿನ ಹಿಡಿಯಿತು. ಒಡೆಯದ ಯೂರಿಯಾ ಅಮೋನಿಯಾ ಕಿಟ್‌ನಲ್ಲಿ ಕಾಣುವುದೂ ಇಲ್ಲ, ಜಿಯೋಲೈಟಿಗೆ ಸಿಗುವುದೂ ಇಲ್ಲ. ಹಾಗಾಗಿ ಈಗಲೂ ಕಿಟ್ ಒಂದು ದಿನ ಸೊನ್ನೆ ತೋರಿಸಿತೆಂದು ನೀರು ಬದಲಿಸುವುದನ್ನು ನಿಲ್ಲಿಸಬೇಡಿ. ಮೂರು ದಿನ ಸತತವಾಗಿ ಸೊನ್ನೆ ಬರಬೇಕು.

ಮತ್ತೆ ಸಂಜೆಯೇ ಏಕೆ? ನೀರಿನಲ್ಲಿ ಅಮೋನಿಯಾ ಎರಡು ವೇಷದಲ್ಲಿರುತ್ತದೆ. ಒಂದು ಅಮೋನಿಯಂ, ಹೆಚ್ಚು ಅಪಾಯವಿಲ್ಲ. ಇನ್ನೊಂದು ಮುಕ್ತ ಅಮೋನಿಯಾ, ಅದೇ ಕಿವಿರು ಸುಡುವುದು. 28 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಮುಕ್ತ ರೂಪ ನೂರಕ್ಕೆ ಒಂದೂ ಇರುವುದಿಲ್ಲ, ಸುಮಾರು 0.7%. ಪಿಎಚ್ 8ಕ್ಕೆ ಅದು 6.5%, 8.5ಕ್ಕೆ 18%. ಬಯಲುಸೀಮೆಯ ಬೋರ್‌ವೆಲ್ ನೀರು ಬಹುಪಾಲು ಗಡಸು, ಪಿಎಚ್ 8ರ ಆಸುಪಾಸು. ಅದರ ಮೇಲೆ, ಗಿಡಗಳು ಹಗಲೆಲ್ಲ ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ಸಂಜೆ ಹೊತ್ತಿಗೆ ಪಿಎಚ್ ಇನ್ನೂ ಏರುತ್ತದೆ. ನಿಮ್ಮ ವ್ಯಾಲಿಸ್ನೇರಿಯಾ ಅಂತೂ ನೀರಿನ ಬೈಕಾರ್ಬೊನೇಟನ್ನೇ ಬಳಸಿಕೊಳ್ಳಬಲ್ಲ ಗಿಡ. ಪಿಎಚ್ ಏರಿಸುವುದರಲ್ಲಿ ಅದರದು ಎತ್ತಿದ ಕೈ. ಒಟ್ಟು ಅಮೋನಿಯಾ ಲೀಟರಿಗೆ 15 ಮಿಲಿಗ್ರಾಂ ಮುಟ್ಟಿದ್ದರೆ, ಪಿಎಚ್ 8ರಲ್ಲಿ ಮುಕ್ತ ಅಮೋನಿಯಾ 1 ಮಿಲಿಗ್ರಾಂ. 0.05 ಮಿಲಿಗ್ರಾಮಿಗೇ ಮೀನಿನ ಕಿವಿರಿಗೆ ಹಾನಿ ಶುರುವಾಗುತ್ತದೆ. ಗಪ್ಪಿಗಳಲ್ಲಿ ಒಂಬತ್ತು ಉಳಿದದ್ದು ಆ ಜಾತಿಯ ಗಟ್ಟಿತನ.

ನೀರು ಹಸಿರಾಗಿರುವುದಕ್ಕೂ ಕಾರಣ ಇದೇ ಚಮಚ. ಅಮೋನಿಯಾ, ಬೆಳಕು, ಲೀಟರಿಗೆ 25 ಮಿಲಿಗ್ರಾಂ ಫಾಸ್ಫೇಟ್ ಮೂರೂ ಕೂಡಿದ್ದರಿಂದ ತೇಲುವ ಪಾಚಿಗೆ ಹಬ್ಬ. ಗಿಡಗಳಿಗೆ ಸಾಕಾಗುವ ಫಾಸ್ಫೇಟ್ ಲೀಟರಿಗೆ ಒಂದೆರಡು ಮಿಲಿಗ್ರಾಂ. ನೀರು ಬದಲಿಸುತ್ತ ಹೋದಂತೆ ಇದು ತಿಳಿಯಾಗುತ್ತದೆ. ಆಗದಿದ್ದರೆ, ಅಮೋನಿಯಾ ಸೊನ್ನೆಗೆ ಬಂದ ಮೇಲೆ, ತೊಟ್ಟಿಗೆ ದಪ್ಪ ಹೊದಿಕೆ ಹೊದಿಸಿ ಮೂರು ದಿನ ಕತ್ತಲೆ ಮಾಡಿ. ಗಾಳಿಕಲ್ಲು ನಿಲ್ಲಬಾರದು, ಸಾಯುವ ಪಾಚಿ ಆಮ್ಲಜನಕ ತಿನ್ನುತ್ತದೆ. ಆಮೇಲೆ ದೀಪ ದಿನಕ್ಕೆ ಏಳು ಗಂಟೆಗಿಂತ ಹೆಚ್ಚು ಬೇಡ.

ಇಷ್ಟೆಲ್ಲ ಆಗಿ, ನಿಮ್ಮ ಸ್ವೋರ್ಡ್ ಗಿಡಕ್ಕೆ ಬೇಕಾಗಿದ್ದದ್ದು ಆ ಚಮಚದಲ್ಲಿ ಇರಲೇ ಇಲ್ಲ. ಈ ಪ್ರಕರಣದಲ್ಲಿ ನನಗೆ ಬೇಸರವೆನಿಸುವುದು ಇದು.

ಸಾರಜನಕ ಕಡಿಮೆಯಾದರೆ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಪೊಟ್ಯಾಷ್ ಕಡಿಮೆಯಾದರೆ ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂತೆ ತೂತು, ತೂತಿನ ಸುತ್ತ ಹಳದಿ. ಮೆಗ್ನೀಸಿಯಂ ಕೊರತೆಗೆ ಹಳೆಯ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ. ಕಬ್ಬಿಣವನ್ನು ಮಾತ್ರ ಗಿಡ ಒಂದು ಎಲೆಯಿಂದ ಇನ್ನೊಂದಕ್ಕೆ ಸಾಗಿಸಲಾರದು. ಆದ್ದರಿಂದ ಅದರ ಕೊರತೆ ಹೊಸ ಎಲೆಯಲ್ಲೇ ಕಾಣುತ್ತದೆ: ನರ ಹಸಿರು, ಉಳಿದದ್ದು ಬಿಳಚು. ನೀವು ಬರೆದಿರುವುದು ಅಕ್ಷರಶಃ ಇದೇ ಚಿತ್ರ. ಗಡಸು ನೀರಿನಲ್ಲಿ ಕಬ್ಬಿಣ ಕರಗಿ ನಿಲ್ಲುವುದಿಲ್ಲ, ತುಕ್ಕಾಗಿ ತಳ ಸೇರುತ್ತದೆ. ಬೇರಿನಿಂದ ಹೆಚ್ಚು ಉಣ್ಣುವ ಸ್ವೋರ್ಡ್, ಬರಿಯ ಮರಳಿನಲ್ಲಿ ಒಂದು ವರ್ಷವಾದ ಮೇಲೆ ಹಸಿದಿದೆ.

ಸಾರಜನಕದ ಕೊರತೆ ಇರಲಾರದು ಎನ್ನಲು ಇನ್ನೂ ಒಂದು ಕಾರಣವಿದೆ. ಕೃಷಿ ಹೆಚ್ಚಿರುವ ಬಯಲುಸೀಮೆಯಲ್ಲಿ ಹಲವು ಬೋರ್‌ವೆಲ್‌ಗಳ ನೀರಿನಲ್ಲೇ ನೈಟ್ರೇಟ್ ಇರುತ್ತದೆ, ಕೆಲವೆಡೆ ಕುಡಿಯುವ ನೀರಿಗೆ ಹಾಕಿರುವ ಲೀಟರಿಗೆ 45 ಮಿಲಿಗ್ರಾಂ ಮಿತಿಯನ್ನೂ ದಾಟಿ. ಕಿಟ್ ಬಂದ ದಿನ ಮೊದಲು ಪರೀಕ್ಷಿಸಬೇಕಾದದ್ದು ತೊಟ್ಟಿಯ ನೀರನ್ನಲ್ಲ, ಬೋರ್‌ವೆಲ್ ನೀರನ್ನು. ಅದರಲ್ಲೇ 20ಕ್ಕಿಂತ ಹೆಚ್ಚು ನೈಟ್ರೇಟ್ ಬಂದರೆ ನೀವು ಪ್ರತಿ ಸಲ ನೀರು ಬದಲಿಸಿದಾಗಲೂ ಗೊಬ್ಬರ ಹಾಕುತ್ತಲೇ ಇದ್ದೀರಿ. 45 ದಾಟಿದ್ದರೆ ತೊಟ್ಟಿಯ ಮಾತು ಹಾಗಿರಲಿ, ಮನೆಯವರು ಅದನ್ನು ಕುಡಿಯುತ್ತಿದ್ದಾರೆಯೇ ನೋಡಿ. ಪುಟ್ಟ ಮಕ್ಕಳಿದ್ದರೆ ಇದು ಸಣ್ಣ ವಿಷಯವಲ್ಲ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ.

ಈಗ ಮೂಲ ಪ್ರಶ್ನೆ: ತೋಟದ ಗೊಬ್ಬರ ಆಗುವುದೇ ಇಲ್ಲವೇ? ಆಗುತ್ತದೆ. ಲವಣಕ್ಕೆ ತೋಟ, ತೊಟ್ಟಿ ಎಂಬ ಭೇದವಿಲ್ಲ. ಅಕ್ವೇರಿಯಂ ಅಂಗಡಿಯ ಬಾಟಲಿಯಲ್ಲಿರುವ ಪೊಟ್ಯಾಸಿಯಂ ನೈಟ್ರೇಟ್ ಕೂಡ ಗೊಬ್ಬರದಂಗಡಿಯ 13:0:45 ಪ್ಯಾಕೆಟ್ಟಿನಲ್ಲಿರುವುದೇ. ಬಾಟಲಿಯಲ್ಲಿ ನೀವು ಹಣ ಕೊಡುವುದು ಹೆಚ್ಚಾಗಿ ನೀರಿಗೆ, ಜೊತೆಗೆ ಯಾರೋ ನಿಮ್ಮ ಪರವಾಗಿ ತೂಕ ಮಾಡಿಟ್ಟದ್ದಕ್ಕೆ. ಆ ತೂಕ ಮಾಡುವ ತಾಳ್ಮೆ ಇಲ್ಲದವರಿಗೆ ಬಾಟಲಿಯೇ ಲೇಸು, ಅದರಲ್ಲಿ ಅವಮಾನವೇನಿಲ್ಲ. ತಾಳ್ಮೆ ಇದ್ದರೆ, ಚಿನ್ನ ತೂಗುವಂಥ 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು. ಚಮಚ, ಚಿಟಿಕೆ ಇಲ್ಲಿ ಅಳತೆಯಲ್ಲ.

ಮುಂದೆ ಹೇಳುವ ಕಬ್ಬಿಣ ಬಿಟ್ಟರೆ, ಗೊಬ್ಬರದಂಗಡಿಯಲ್ಲಿ ತೊಟ್ಟಿಗೆ ಆಗುವವು ನಾಲ್ಕೇ. 13:0:45, ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಇದರ ಸಾರಜನಕವೆಲ್ಲ ನೈಟ್ರೇಟ್, ಯೂರಿಯಾ ಇಲ್ಲ, ಅಮೋನಿಯಾ ಇಲ್ಲ. 0:52:34, ಮೊನೊ ಪೊಟ್ಯಾಸಿಯಂ ಫಾಸ್ಫೇಟ್. 0:0:50, ಪೊಟ್ಯಾಸಿಯಂ ಸಲ್ಫೇಟ್, ಅಂಗಡಿಯವರ ಬಾಯಲ್ಲಿ ಎಸ್‌ಒಪಿ. ನಾಲ್ಕನೆಯದು ಮೆಗ್ನೀಸಿಯಂ ಸಲ್ಫೇಟ್. ಬೋರ್‌ವೆಲ್ ನೀರಿನಲ್ಲಿ ಮೆಗ್ನೀಸಿಯಂ ಬೇಕಾದಷ್ಟು ಇರುವುದರಿಂದ ನಿಮಗೆ ಬೇಡ, ಆರ್‌ಒ ನೀರು ತುಂಬುವವರಿಗೆ ಬೇಕು. ಪುಡಿ ಬಿಳಿ ಹರಳಾಗಿರಬೇಕು, ನೀರಿಗೆ ಹಾಕಿದರೆ ಪೂರ್ತಿ ಕರಗಿ ತಿಳಿಯಾಗಿ ನಿಲ್ಲಬೇಕು. ಬಣ್ಣ ಬೆರೆಸಿದ್ದು, ಹ್ಯೂಮಿಕ್ ಸೇರಿಸಿದ್ದು, 'ಬೆಳವಣಿಗೆ ಪ್ರಚೋದಕ ಸಹಿತ' ಎಂದು ಬರೆದದ್ದು ಬೇಡ. ಯೂರಿಯಾವನ್ನಂತೂ ಬಿಡಿಯಾಗಿ ತರಬೇಡಿ. 2015ರಿಂದ ನಮ್ಮ ರೈತರಿಗೆ ಸಿಗುವ ಸಬ್ಸಿಡಿ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಇರುತ್ತದೆ, ತೊಟ್ಟಿಗೆ ಅದು ಇನ್ನೊಂದು ತಲೆನೋವು.

ಅಣ್ಣನ ತೋಟದ ಸಾಮಾನಿನ ಬಗ್ಗೆ ಒಂದು ಎಚ್ಚರ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿ ಬಿಚ್ಚಿಟ್ಟ ಚೀಲದಿಂದ ಪುಡಿ ತರಬೇಡಿ, ಅಲ್ಲಿನ ಬಕೆಟ್, ಅಳತೆ ಲೋಟ ಮುಟ್ಟಬೇಡಿ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್‌ನಂಥ ಕೀಟನಾಶಕ ಅಳೆದ ಲೋಟದ ತಳದ ಪಸೆ ಸಾಕು, ತೊಟ್ಟಿಯ ಸೀಗಡಿಯೆಲ್ಲ ಹೋಗಲು. ಮುಚ್ಚಿದ ಹೊಸ ಪ್ಯಾಕೆಟ್, ತೊಟ್ಟಿಗೆಂದೇ ಇಟ್ಟ ಬಾಟಲಿ, ತೊಟ್ಟಿಗೆಂದೇ ಇಟ್ಟ ಸಿರಿಂಜ್.

ದ್ರಾವಣ ಹೀಗೆ. ಅರ್ಧ ಲೀಟರ್ ಆರ್‌ಒ ನೀರಿಗೆ 13:0:45 ಇಪ್ಪತ್ತು ಗ್ರಾಂ, 0:0:50 ಹತ್ತು ಗ್ರಾಂ, 0:52:34 ಎರಡು ಗ್ರಾಂ. ಎಸ್‌ಒಪಿ ನಿಧಾನ ಕರಗುತ್ತದೆ, ಬೆಚ್ಚಗಿನ ನೀರಾದರೆ ಬೇಗ. ಇದರ 10 ಮಿ.ಲೀ. ಹಾಕಿದರೆ 50 ಲೀಟರಿನಲ್ಲಿ ನೈಟ್ರೇಟ್ 4.5ರಿಂದ 5, ಪೊಟ್ಯಾಸಿಯಂ ಸುಮಾರು 5, ಫಾಸ್ಫೇಟ್ ಅರ್ಧ ಮಿಲಿಗ್ರಾಂ ಏರುತ್ತದೆ. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇಲ್ಲದ, ಸಾಧಾರಣ ಬೆಳಕಿನ ತೊಟ್ಟಿಗೆ ವಾರಕ್ಕೆ ಎರಡು ಸಲ ಇಷ್ಟು ಧಾರಾಳವಾಯಿತು. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸುತ್ತಿರಬೇಕು. ಗಿಡ ತಿನ್ನದೆ ಉಳಿದದ್ದು ಗುಡ್ಡೆ ಬೀಳದಿರಲು ಅದೊಂದೇ ದಾರಿ.

ಇದೇ ಲೆಕ್ಕವನ್ನು ದೊಡ್ಡದಾಗಿ ಹೇಳಿದವರು ತೊಟ್ಟಿಯಲ್ಲಿ ಗಿಡ ಬೆಳೆಸುವುದರಲ್ಲಿ ಹೆಸರಾದ ಅಮೆರಿಕದ ಟಾಮ್ ಬಾರ್. ಗಿಡಕ್ಕೆ ಎಲ್ಲವನ್ನೂ ಸ್ವಲ್ಪ ಹೆಚ್ಚೇ ಕೊಡಿ, ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿ ಲೆಕ್ಕ ಚುಕ್ತಾ ಮಾಡಿ ಎಂಬುದು ಅವರ ವಿಧಾನ. ಅದು ಜೋರು ಬೆಳಕು, ಸಿಲಿಂಡರ್ ಇರುವ ತೊಟ್ಟಿಗೆ. ಅಂತರ್ಜಾಲದಲ್ಲಿ ಕಾಣುವ ಅಳತೆಗಳಲ್ಲಿ ಹೆಚ್ಚಿನವು ಅಲ್ಲಿಂದ ಬಂದವು. ನಿಮ್ಮ ತೊಟ್ಟಿಗೆ ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ ಸಾಕು. ಬೆಳಕು ಮತ್ತು ಇಂಗಾಲ ಇದ್ದಷ್ಟೇ ಗಿಡ ಬೆಳೆಯುತ್ತದೆ, ಉಳಿದ ಗೊಬ್ಬರ ಪಾಚಿಯ ಪಾಲು. ಹಾಗೆಯೇ, ರೊಟಾಲಾ ಚಿತ್ರದಲ್ಲಿದ್ದಂತೆ ಕೆಂಪಾಗುತ್ತಿಲ್ಲ ಎಂದರೆ ಅದಕ್ಕೆ ಬೇಕಾದದ್ದು ಬೆಳಕು, ಗೊಬ್ಬರವಲ್ಲ.

ಒಂದು ಕಿಲೋ 13:0:45 ಕೊಂಡರೆ ವಾರಕ್ಕೆ 0.8 ಗ್ರಾಮಿನಂತೆ ಇಪ್ಪತ್ನಾಲ್ಕು ವರ್ಷ ಬರುತ್ತದೆ. ತೊಟ್ಟಿ ಸಾಕುವ ನಾಲ್ಕು ಜನ ಸೇರಿ ಕೊಳ್ಳಿ, ಉಳಿದದ್ದು ತೋಟಕ್ಕೆ ಹೋಗಲಿ. ಗಾಳಿಯಾಡದ ಡಬ್ಬಿಯಲ್ಲಿಡಿ, ಒಲೆಯ ಹತ್ತಿರ ಬೇಡ. ನೈಟ್ರೇಟ್ ಬೆಂಕಿಯನ್ನು ಹೆಚ್ಚಿಸುವ ವಸ್ತು.

ಆದರೆ ನಿಮಗೆ ಈ ದ್ರಾವಣ ಸದ್ಯಕ್ಕೆ ಬೇಡ. ಇನ್ನು ನಾಲ್ಕು ವಾರ ನೀವು ಕೊಡಬೇಕಾದದ್ದು ಕಬ್ಬಿಣ ಒಂದೇ.

ಇಡಿಟಿಎ, ಡಿಟಿಪಿಎ, ಇಡಿಡಿಎಚ್‌ಎ ಎಂಬವು ಕಬ್ಬಿಣವನ್ನು ನೀರಿನಲ್ಲಿ ಕರಗಿದಂತೆಯೇ ಹಿಡಿದಿಡುವ ಸಂಯುಕ್ತಗಳು. ಗೊಬ್ಬರದಂಗಡಿಯಲ್ಲಿ ಸುಲಭವಾಗಿ ಸಿಗುವುದು 12% ಇಡಿಟಿಎ ಕಬ್ಬಿಣ. ಪಿಎಚ್ 7 ದಾಟಿದ ನೀರಿನಲ್ಲಿ ಅದು ಬೇಗ ಒಡೆದು ತುಕ್ಕಾಗುತ್ತದೆ. ಡಿಟಿಪಿಎ ಕಬ್ಬಿಣ ಸಿಕ್ಕರೆ ನಿಮ್ಮ ನೀರಿಗೆ ಅದು ಮೇಲು. ಸುಣ್ಣದ ನೆಲಕ್ಕೆಂದು ಮಾರುವ ಇಡಿಡಿಎಚ್‌ಎ ಕಬ್ಬಿಣ ಪಿಎಚ್ 9ರಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ನೀರನ್ನು ಕುಂಕುಮ ಕಲಸಿದಂತೆ ಮಾಡುತ್ತದೆ. ಹಾಲ್‌ನಲ್ಲಿಟ್ಟ ತೊಟ್ಟಿಗೆ ಅದು ಬೇಕೇ ನೀವೇ ನೋಡಿ. ಅನ್ನಭೇದಿ, ಅಂದರೆ ಬರಿಯ ಫೆರಸ್ ಸಲ್ಫೇಟ್, ಬೇಡವೇ ಬೇಡ. ಗಡಸು ನೀರಿಗೆ ಬಿದ್ದ ಕೂಡಲೇ ಕಂದು ಕಸವಾಗುತ್ತದೆ.

ಡಿಟಿಪಿಎ ಅಥವಾ ಇಡಿಟಿಎ ಕಬ್ಬಿಣ 2 ಗ್ರಾಂ, ಅರ್ಧ ಲೀಟರ್ ಆರ್‌ಒ ನೀರಿಗೆ. 10 ಮಿ.ಲೀ.ಗೆ 50 ಲೀಟರಿನಲ್ಲಿ ಸುಮಾರು 0.1 ಮಿಲಿಗ್ರಾಂ ಕಬ್ಬಿಣ. ಒಮ್ಮೆಲೇ ಹೆಚ್ಚು ಹಾಕುವ ಬದಲು ದಿನ ಬಿಟ್ಟು ದಿನ 5 ಮಿ.ಲೀ. ಹಾಕಿ. ಬೆಳಕು ಈ ಸಂಯುಕ್ತವನ್ನು ಒಡೆಯುತ್ತದೆ, ಬಾಟಲಿಗೆ ಕಪ್ಪು ಕಾಗದ ಸುತ್ತಿ. ಫಾಸ್ಫೇಟ್ ಇರುವ ಬಾಟಲಿಗೆ ಇದನ್ನು ಬೆರೆಸಬೇಡಿ, ಎರಡೂ ಸೇರಿ ಗಸಿಯಾಗುತ್ತವೆ. ಮುಂದೆ ಎರಡೂ ಹಾಕುವ ಕಾಲ ಬಂದರೆ ಬೇರೆ ಬೇರೆ ದಿನ ಹಾಕಿ. 'ಮೈಕ್ರೋ ನ್ಯೂಟ್ರಿಯೆಂಟ್ ಮಿಕ್ಸ್' ಎಂಬ ಕೃಷಿ ಪುಡಿಯಲ್ಲಿ ತಾಮ್ರ, ಸತು ಎರಡೂ ಇರಬಹುದು. ಸೀಗಡಿಗೆ ತಾಮ್ರ ವಿಷ. ಮೀನಿನ ಊಟದಲ್ಲೇ ಈ ಸೂಕ್ಷ್ಮ ಲವಣಗಳು ಅಷ್ಟಿಷ್ಟು ಬರುತ್ತವೆ, ಆ ಪುಡಿಯ ಗೊಡವೆ ನಿಮಗೆ ಬೇಡ.

ಸ್ವೋರ್ಡ್ ಗಿಡಕ್ಕೆ ಬೇರಿನಲ್ಲಿ ಕೊಡುವುದು ಇನ್ನೂ ಒಳ್ಳೆಯದು. ಸ್ನೇಹಿತ ಹೇಳಿದ ಜೇಡಿ ಉಂಡೆ ಒಳ್ಳೆಯ ಉಪಾಯವೇ, ತಪ್ಪಿರುವುದು ಒಳಗಿನ ಡಿಎಪಿಯಲ್ಲಿ. ಡಿಎಪಿ ಎಂದರೆ 18:46:0; ಅದರ ಸಾರಜನಕವೆಲ್ಲ ಅಮೋನಿಯಾ ರೂಪ. ಒಂದು ಗ್ರಾಂ ಡಿಎಪಿ ಉಂಡೆಯಿಂದ ಸೋರಿದರೆ 50 ಲೀಟರಿನಲ್ಲಿ ಅಮೋನಿಯಾ ಸಾರಜನಕ 3.6 ಮಿಲಿಗ್ರಾಂ. ಉಂಡೆ ಮರಳಿನಡಿ ಇರುವವರೆಗೆ ಏನೂ ಕಾಣುವುದಿಲ್ಲ. ಕೋರಿಡೋರಾಸ್ ಮರಳು ಕೆದಕುವ ಮೀನು, ನೀವೂ ಎಂದಾದರೂ ಗಿಡ ಕೀಳುತ್ತೀರಿ. ಅಂದು ಎಲ್ಲ ಒಟ್ಟಿಗೆ ಮೇಲೆ ಬರುತ್ತದೆ. ಲೇಪ ಹಾಕಿದ ನಿಧಾನ ಗೊಬ್ಬರದ ಕಾಳುಗಳನ್ನು ಕ್ಯಾಪ್ಸೂಲಿನಲ್ಲಿ ತುಂಬಿ ಹೂಳುವವರಿದ್ದಾರೆ, ಅದು ಡಿಎಪಿಗಿಂತ ವಾಸಿ. ಆದರೆ ಪ್ಯಾಕೆಟ್ಟಿನ ಮೇಲೆ ಬರೆದ ತಿಂಗಳುಗಳ ಲೆಕ್ಕ ತಂಪು ದೇಶದ ಮಣ್ಣಿನ ಉಷ್ಣತೆಗೆ. ನಮ್ಮ 28 ಡಿಗ್ರಿ ನೀರಿನಲ್ಲಿ ಲೇಪ ಬೇಗ ಬಿಡುತ್ತದೆ, ಅದರಲ್ಲೂ ಅಮೋನಿಯಾ ಇದೆ.

ಡಿಎಪಿ ಬಿಟ್ಟು ಉಂಡೆ ಮಾಡಿ. ಕೆಂಪು ಜೇಡಿ ಅಥವಾ ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣು ಸಿಕ್ಕರೆ ಇನ್ನೂ ಚೆನ್ನ. ಅದರ ಕೆಂಪು ಬಣ್ಣವೇ ಕಬ್ಬಿಣದ್ದು. 1980ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂ ಹವ್ಯಾಸಿಗಳು ತೊಟ್ಟಿಯ ತಳಕ್ಕೆ ಹಾಕಲು ಹಣ ಕೊಟ್ಟು ಕೊಳ್ಳುತ್ತಿದ್ದ 'ಲ್ಯಾಟರೈಟ್' ಇದೇ ಜಂಬಿಟ್ಟಿಗೆ. ಗೊಬ್ಬರ, ಔಷಧಿ ಬೀಳದ ಜಾಗದಲ್ಲಿ ಒಂದು ಅಡಿ ಕೆಳಗಿನ ಮಣ್ಣು ತೆಗೆಯಿರಿ. ಕಲ್ಲು, ಬೇರು ಆರಿಸಿ, ಗೋಲಿಯಷ್ಟು ಉಂಡೆ ಕಟ್ಟಿ, ಪ್ರತಿ ಉಂಡೆಯ ನಡುವೆ 0.1 ಗ್ರಾಂ ಡಿಟಿಪಿಎ ಕಬ್ಬಿಣ ಇಟ್ಟು, ನೆರಳಲ್ಲಿ ಎರಡು ದಿನ ಒಣಗಿಸಿ. ಬುಡದಿಂದ ನಾಲ್ಕು ಬೆರಳು ದೂರ, ಗಾಜಿಗೆ ತಾಗುವಷ್ಟು ಆಳಕ್ಕೆ ಎರಡು ಉಂಡೆ ಒತ್ತಿ. ಮರಳಿನ ಆಳದಲ್ಲಿ ಆಮ್ಲಜನಕ ಇಲ್ಲದ್ದರಿಂದ ಮಣ್ಣಿನ ಕಬ್ಬಿಣ ಅಲ್ಲಿ ನಿಧಾನ ಕರಗಿ ಬೇರಿಗೆ ಸಿಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸತು. ಉಂಡೆ ಇರುವಲ್ಲಿ ಗಿಡ ಕಿತ್ತರೆ ನೀರು ಕೆಂಪಾಗುತ್ತದೆ, ಅಷ್ಟೇ ತೊಂದರೆ.

ಎರೆಗೊಬ್ಬರದ ಸಲಹೆ ಎಲ್ಲಿಂದ ಬಂದಿದೆ ಎಂದು ಗೊತ್ತು. ಮೀನು ಸಾಕುವ ಹೊಂಡಕ್ಕೆ ಸಗಣಿ, ಯೂರಿಯಾ, ಸೂಪರ್ ಫಾಸ್ಫೇಟ್ ಹಾಕುತ್ತಾರಲ್ಲ, ಮನೆಯ ತೊಟ್ಟಿಗೇಕೆ ಆಗದು ಎಂಬ ವಾದ. ಹೊಂಡಕ್ಕೆ ಹಾಕುವುದು ನೀರು ಹಸಿರಾಗಲೆಂದೇ. ಆ ಹಸಿರೇ ಕಾಟ್ಲಾದಂಥ ಮೀನಿನ ಮರಿಗಳ ಊಟಕ್ಕೆ ಬುನಾದಿ. ನಿಮಗೆ ಬೇಡವಾದದ್ದೇ ಅವರಿಗೆ ಬೇಕು. ಅವರೂ ಮರಿ ಬಿಡುವ ಮುಂಚೆ ಹಾಕುತ್ತಾರೆ, ದಿನಗಟ್ಟಲೆ ಕಾಯುತ್ತಾರೆ. ಎರೆಗೊಬ್ಬರ ನೀರಿನಲ್ಲಿ ಕೊಳೆಯುತ್ತ ಆಮ್ಲಜನಕ ಕುಡಿಯುತ್ತದೆ, ಹೊಸದಾಗಿ ತೊಟ್ಟಿ ಕಟ್ಟುವಾಗ ಮರಳಿನಡಿ ತೆಳ್ಳಗೆ ಹಾಸಿ ತಿಂಗಳು ಕಾಯುವವರಿಗೆ ಅದು ಸರಿ, ಓಡುತ್ತಿರುವ ತೊಟ್ಟಿಗಲ್ಲ. ಹಿಂಡಿಗಳ ವಿಷಯದಲ್ಲಿ ಇನ್ನೂ ಜೋಪಾನ. ಬೇವಿನ ಹಿಂಡಿ ಸೀಗಡಿಗೆ ಆಗದು. ಹಿಪ್ಪೆ ಹಿಂಡಿಯನ್ನಂತೂ ಮೀನು ಕೃಷಿಯಲ್ಲಿ ಹೊಂಡದ ಬೇಡದ ಮೀನು ಕೊಲ್ಲಲೆಂದೇ ಹಾಕುತ್ತಾರೆ.

ಮುಂದಿನ ಒಂದು ತಿಂಗಳು ಬಿಳಚಿದ ಎಲೆಗಳನ್ನು ನೋಡುತ್ತ ಕೂರಬೇಡಿ. ಅವು ಪೂರ್ತಿ ಹಸಿರಾಗುವುದು ಅಪರೂಪ. ನಡುವಿನಿಂದ ಏಳುವ ಹೊಸ ಎಲೆ ನೋಡಿ, ಎರಡು ಮೂರು ವಾರದಲ್ಲಿ ಬಣ್ಣ ತಿಳಿಯುತ್ತದೆ. ಹೊಸ ಎಲೆ ಹಸಿರಾಗಿ, ಹಳೆಯ ಎಲೆಯಲ್ಲಿ ಸೂಜಿ ತೂತು ಕಂಡರೆ ಎಸ್‌ಒಪಿ ಮಾತ್ರ ವಾರಕ್ಕೆ ಅರ್ಧ ಗ್ರಾಂ ಶುರುಮಾಡಿ. ತೊಟ್ಟಿಯ ನೈಟ್ರೇಟ್ 5ಕ್ಕಿಂತ ಕೆಳಗಿಳಿದು ಹಳೆಯ ಎಲೆ ಪೂರ್ತಿ ಹಳದಿಯಾದರೆ ಆಗ ಮೊದಲ ಬಾಟಲಿಯ ದ್ರಾವಣ. ಒಂದು ಬದಲಾವಣೆಗೂ ಇನ್ನೊಂದಕ್ಕೂ ನಡುವೆ ಎರಡು ವಾರ ಬಿಡಿ. ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ.

ಸೀಗಡಿ ಕೊನೆಗೆ ತನ್ನಿ. ಅಮೋನಿಯಾ, ನೈಟ್ರೈಟ್ ಎರಡೂ ಮೂರು ವಾರ ಸೊನ್ನೆಯಲ್ಲಿದ್ದು, ಕಬ್ಬಿಣ ಹಾಕುತ್ತಿರುವಾಗಲೂ ಗಪ್ಪಿಗಳು ಚುರುಕಾಗಿದ್ದರೆ ಮೊದಲು ನಾಲ್ಕೇ ಸೀಗಡಿ ಬಿಡಿ. ಅವು ಒಮ್ಮೆ ಪೊರೆ ಕಳಚಿ ಬದುಕಿ ಉಳಿದ ಮೇಲೆ ಉಳಿದವನ್ನು ತರಬಹುದು.